ಮನೆಯಲ್ಲಿರುವ ವಸ್ತುಗಳಿಂದ ಮನೆಯ ಶುಚಿ



ಸತ್ಯವೇದದಲ್ಲಿ ಸಾಬೂನಿನ ಮಾತು ಬರುವದುಂಟು. ಪ್ರವಾದಿಯಾದ ಯೆರೆಮೀಯನು ತನ್ನ ಗ್ರಂಥದ 2ನೆಯ ಅಧ್ಯಾಯದ 22ನೆಯ ವಚನದಲ್ಲಿ, ಮನುಷ್ಯನು ಕ್ಷಾರದಿಂದಲೂ ಸಾಬೂನಿನಿಂದಲೂ ಎಷ್ಟು ತೊಳಕೊಂಡರೂ ಪಾಪದ ಕಲೆಯು ಹೋಗದೆಂದು ತಿಳಿಸುತ್ತಾನೆ. ಮಲಾಕಿಯನೋ ತನ್ನ ಗ್ರಂಥದ 3ನೆಯ ಅಧ್ಯಾಯದ 2ನೆಯ ವಚನದಲ್ಲಿ ಕರ್ತನ ಬರೋಣವನ್ನು ಅಗಸನ ಸಾಬೂನಿಗೆ ಹೋಲಿಸುತ್ತಾನೆ. ಹಾಗಾದರೆ ಆ ಕಾಲದ ಜನರು ಕ್ಷಾರದ ಗುಣವನ್ನು ಚೆನ್ನಾಗಿ ಬಲ್ಲವರಾಗಿದ್ದರು; ಆದರೂ ಹೊರಗಣ ಶುಚಿಯನ್ನು ಒಳಗಣ ಪರಿಶುದ್ಧತೆಯೆಂದು ಎಣಿಸಬಾರದೆಂಬದನ್ನು ಪ್ರವಾದಿಗಳು ಅವರಿಗೆ ಬೋಧಿಸಬೇಕಾಯಿತು. ಈ ಎರಡು ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆ ಈ ಸೀಮೆಗಳ ಮನೆಗಳಲ್ಲಿ ಸುಲಭವಾಗಿ ಸಿಕ್ಕುವ ವಸ್ತುಗಳಿಂದ ಪಾತ್ರೆ, ಬಟ್ಟೆ, ನೆಲ, ಬಾವಿಗಳನ್ನು ಶುಚಿಮಾಡುವ ಕ್ರಮವನ್ನು ಈ ಪಾಠದಲ್ಲಿ ಕಲಿಯೋಣ.

ಇದು ಅಲ್ಪವಾದ ಸಂಗತಿಯೆಂದು ಯಾರೂ ನೆನಸಬಾರದು. ತಿಂಗಳ ಸಾಮಾನಿನ ಚೀಟಿಯನ್ನು ತೆಗೆದು ನೋಡಿದರೆ, ಪಾತ್ರೆಗೆ ಒಂದು ಪುಡಿ, ಬಟ್ಟೆಗೆ ಒಂದು, ನೆಲಕ್ಕೆ ಒಂದು ನೀರು, ಹಿತ್ತಾಳೆಗೆ ಇನ್ನೊಂದು ಎಂದು ಅಂಗಡಿಗೆ ಹೋಗುವ ಹಣವು ಕಾಣುವದು. ಕೂಲಿಯಿಂದ ಜೀವಿಸುವ ಮನೆಯಲ್ಲಿ ಆ ಹಣವೇ ಮಗುವಿನ ಪುಸ್ತಕವೂ ಮುದುಕರ ಮದ್ದೂ ಆಗಬಹುದು. ಅದೇ ಅಂಗಡಿಯ ಸಾಲವೂ ಆಗಬಹುದು.

ನಮ್ಮ ಹಿರಿಯರ ಕಥೆಯೂ ನಮಗೆ ಇದನ್ನೇ ಕಲಿಸುತ್ತದೆ. 1834ನೆಯ ಇಸವಿಯಲ್ಲಿ ಬಾಸೆಲ್ ಮಿಶನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬೋಧಕರು ಮಂಗಳೂರಿಗೆ ಬಂದರು. ತರುವಾಯ ಸಭೆಗೆ ಸೇರಿದವರಲ್ಲಿ ಅನೇಕರು ಕಳ್ಳು ಇಳಿಸುವ ಕಸುಬನ್ನು ಬಿಟ್ಟು ಜೀವನಕ್ಕೆ ದಾರಿಯಿಲ್ಲದವರಾದರು. ಅವರಿಗೆ ಕೈಕೆಲಸವನ್ನು ಒದಗಿಸುವದಕ್ಕಾಗಿ ಮಿಶನಿನವರು ನೇಯಿಗೆಯನ್ನೂ, ಪ್ಲೆಬ್ಸ್ಟ್ ಎಂಬವನ ಮುಖಾಂತರ 1865ರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆಯನ್ನೂ ಸ್ಥಾಪಿಸಿದರು. ಬಂಟವಾಳವನ್ನು ದಾಟಿ ಸಮುದ್ರಕ್ಕೆ ಇಳಿಯುವ ನೇತ್ರಾವತಿಯ ದಡದಲ್ಲಿ ಜನರು ತುಳಿದು ನಡೆಯುತ್ತಿದ್ದ ಜೇಡಿಮಣ್ಣೇ ಮನೆಯ ಮಾಡಾಯಿತು. ಕಾಲ ಕೆಳಗಿದ್ದದ್ದನ್ನು ಬುದ್ಧಿಯಿಂದ ನೋಡಿದವರಿಗೆ ಅದು ತಲೆಯ ಮೇಲಿನ ನೆರಳಾಯಿತು. ಒಲೆಯ ಬೂದಿಯನ್ನೂ ಹಿತ್ತಲಿನ ಬಿಂಬುಳಿಯನ್ನೂ ಅಂಥಾ ಬುದ್ಧಿಯಿಂದಲೇ ನೋಡತಕ್ಕದ್ದು.

ಮೊದಲು ತಿಳಿಯತಕ್ಕ ಮೂಲ ನಿಯಮ

ಕೊಳೆ ಎಂಬದು ಒಂದೇ ವಿಧವಾದದ್ದಲ್ಲ. ಎಣ್ಣೆ ಜಿಡ್ಡು ಒಂದು ವಿಧ. ಹಿತ್ತಾಳೆ ತಾಮ್ರಗಳ ಮೇಲೆ ಕಟ್ಟುವ ಕಪ್ಪು, ಕಬ್ಬಿಣದ ತುಕ್ಕು, ಇವು ಇನ್ನೊಂದು ವಿಧ. ಜಿಡ್ಡನ್ನು ಕ್ಷಾರವೂ ನೊರೆಯೂ ಬಿಡಿಸುತ್ತವೆ. ಲೋಹದ ಕಪ್ಪನ್ನು ಹುಳಿಯು ಬಿಡಿಸುತ್ತದೆ. ಕ್ಷಾರವೂ ಹುಳಿಯೂ ಒಂದಕ್ಕೊಂದು ವೈರಿಗಳು. ಎರಡನ್ನು ಒಟ್ಟಿಗೆ ಕಲಸಿದರೆ ಬಲವು ಇಮ್ಮಡಿಯಾಗುವದೆಂದು ಅನೇಕರು ಭಾವಿಸುತ್ತಾರೆ. ನಿಜವಾಗಿ ಒಂದು ಮತ್ತೊಂದರ ಬಲವನ್ನು ಕೆಡಿಸುತ್ತದೆ. ಅಡಿಗೆ ಸೋಡಾಕ್ಕೆ ಲಿಂಬೆರಸ ಹಾಕಿದಾಗ ಬುಸುಗುಟ್ಟುವದು ಅವುಗಳ ಜಗಳದ ಶಬ್ದವೇ ಹೊರತು ಶುಚಿಯ ಶಬ್ದವಲ್ಲ. ಆದದರಿಂದ ಒಂದು ಕೆಲಸಕ್ಕೆ ಒಂದನ್ನೇ ಉಪಯೋಗಿಸಿರಿ.

1. ಬೂದಿ

ಕಟ್ಟಿಗೆಯ ಬೂದಿಯಲ್ಲಿ, ವಿಶೇಷವಾಗಿ ತೆಂಗಿನ ಸಿಪ್ಪೆಯ ಬೂದಿಯಲ್ಲಿ, ಪೊಟಾಶ್ ಎಂಬ ಕ್ಷಾರವು ಉಂಟು. ಬೂದಿಯನ್ನು ಜರಡಿಯಲ್ಲಿ ಸೋಸಿ, ಒಂದು ಪಾಲು ಬೂದಿಗೆ ನಾಲ್ಕು ಪಾಲು ನೀರು ಹೊಯ್ದು ಕಲಕಿ, ಒಂದು ರಾತ್ರಿ ಇಟ್ಟರೆ ಮೇಲೆ ತಿಳಿನೀರು ನಿಲ್ಲುವದು. ಬೆರಳಿಗೆ ಜಾರುವಂತಿರುವ ಈ ನೀರು ಎಣ್ಣೆಯ ಬಾಣಲೆಗೂ ಅಡಿಗೆಯ ಮನೆಯ ಹೊಗೆಜಿಡ್ಡಿಗೂ ಒಳ್ಳೇದು. ರೇಷ್ಮೆಗೂ ಉಣ್ಣೆಗೂ ಇದನ್ನು ತಾಕಿಸಬೇಡಿರಿ, ನೂಲು ಕೆಡುವದು. ಅಲ್ಯೂಮಿನಿಯಮ್ ಪಾತ್ರೆಯನ್ನೂ ಕ್ಷಾರವು ತಿನ್ನುತ್ತದೆ. ಉಮಿಯನ್ನು ಸುಟ್ಟ ಬೂದಿಯ ಗುಣ ಬೇರೆ. ಅದರಲ್ಲಿ ಮರಳಿನ ಜಾತಿಯ ಸಿಲಿಕವೇ ಹೆಚ್ಚಾಗಿರುವದರಿಂದ ಅದು ತಿಕ್ಕುವದರಿಂದಲೇ ಶುಚಿಮಾಡುತ್ತದೆ. ಕಬ್ಬಿಣದ ಕಾವಲಿಗೆ ಅದು ತಕ್ಕದ್ದು. ಗಾಜಿನ ಮೇಲೆ ಗೀರು ಬೀಳಿಸುವದು.

ಕೈ ತೊಳೆಯುವದಕ್ಕೆ ಕೆರೆಯ ಬದಿಯ ಮಣ್ಣನ್ನು ಉಪಯೋಗಿಸುವ ವಾಡಿಕೆಯನ್ನು ಬಿಟ್ಟುಬಿಡಬೇಕು. ಮಣ್ಣಿನಲ್ಲಿ ಹುಳುಗಳ ಮೊಟ್ಟೆಯೂ ರೋಗಾಣುಗಳೂ ಇರುವವು. ಊಟಕ್ಕೆ ಮುಂಚೆಯೂ ಶೌಚದ ತರುವಾಯವೂ ಸಾಬೂನೇ ಉತ್ತಮ.

2. ಅಂಟುವಾಳ

ಕೆಲವರು ಇದನ್ನು ನೊರೆಕಾಯಿ ಎನ್ನುತ್ತಾರೆ. ಇದರ ಸಿಪ್ಪೆಯಲ್ಲಿ ಸಪೋನಿನ್ ಎಂಬ ನೊರೆಯ ಸಾರವುಂಟು. ಹತ್ತು ಹನ್ನೆರಡು ಕಾಯಿಗಳ ಬೀಜ ತೆಗೆದು, ಸಿಪ್ಪೆಯನ್ನು ಒಂದು ಲೀಟರ್ ಬಿಸಿನೀರಿನಲ್ಲಿ ರಾತ್ರಿಯೆಲ್ಲಾ ನೆನಸಿ, ಬೆಳಿಗ್ಗೆ ಕಿವುಚಿ ಸೋಸಿರಿ. ಕ್ಷಾರಕ್ಕೆ ಕೆಡುವ ರೇಷ್ಮೆ ಸೀರೆಯನ್ನೂ ಉಣ್ಣೆಯ ಬಟ್ಟೆಯನ್ನೂ ಇದರಲ್ಲಿ ಧೈರ್ಯವಾಗಿ ಒಗೆಯಬಹುದು. ಅಕ್ಕಸಾಲಿಗರು ಒಡವೆಗಳನ್ನು ತೊಳೆಯುವದೂ ಇದರಿಂದಲೇ. ಎರಡು ದಿವಸಕ್ಕಿಂತ ಹೆಚ್ಚು ಇಟ್ಟರೆ ಹುಳಿತು ನಾರುವದು; ಬೇಕಾದಷ್ಟೇ ಮಾಡಿಕೊಳ್ಳಿರಿ. ಕಣ್ಣಿಗೆ ಬಿದ್ದರೆ ಬಹಳ ಉರಿಯುವದು.

ಇನ್ನೊಂದು ಮಾತುಂಟು. ಈ ನೊರೆಯು ನೀರಿನಲ್ಲಿರುವ ಮೀನುಗಳಿಗೆ ವಿಷವಾಗಿದೆ. ಗಿಡದಿಂದ ಬಂದದ್ದೆಲ್ಲಾ ನಿರಪಾಯವೆಂಬುವದು ಸರಿಯಲ್ಲ. ಬೇಸಿಗೆಯಲ್ಲಿ ತೋಡಿನ ಗುಂಡಿಗಳಲ್ಲಿ ನೀರು ನಿಂತಿರುವಾಗ ಅಂಟುವಾಳದ ನೀರನ್ನಾಗಲಿ ಸಾಬೂನಿನ ನೀರನ್ನಾಗಲಿ ಅಲ್ಲಿ ಚೆಲ್ಲದೆ, ತೆಂಗಿನ ಬುಡಕ್ಕೋ ಬಾಳೆಯ ಬುಡಕ್ಕೋ ಹೊಯ್ಯಿರಿ.

3. ಹುಳಿಗಳು

ಹುಣಿಸೆ, ಬಿಂಬುಳಿ, ಪುನರ್ಪುಳಿಯ ಸಿಪ್ಪೆ, ಇವು ಮೂರೂ ನಮ್ಮ ಸೀಮೆಯವು. ಹಿತ್ತಾಳೆಯ ದೀಪ, ತಾಮ್ರದ ಹಂಡೆ ಇವುಗಳನ್ನು ಬಿಂಬುಳಿಯ ಹೋಳಿಗೆ ಸ್ವಲ್ಪ ಉಪ್ಪು ಹಚ್ಚಿ ತಿಕ್ಕಿದರೆ ಕಪ್ಪು ಕರಗಿ ಹೊಳಪು ಬರುವದು. ಕೂಡಲೇ ಬಹಳ ನೀರಿನಿಂದ ತೊಳೆದು ಒರಸತಕ್ಕದ್ದು. ಹುಳಿಯು ನಿಂತರೆ ಹಸುರು ಕಿಲುಬು ಹಿಡಿಯುವದು. ಆ ಕಿಲುಬು ವಿಷ. ಅದೇ ಕಾರಣದಿಂದ ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಮಜ್ಜಿಗೆಯನ್ನಾಗಲಿ ಹುಳಿಸಾರನ್ನಾಗಲಿ ಇಡಬಾರದು. ಬಿಂಬುಳಿಯಲ್ಲಿ ಆಕ್ಸಾಲಿಕ್ ಎಂಬ ಹುಳಿಯಿರುವದರಿಂದ ಬಿಳೀ ಬಟ್ಟೆಯ ತುಕ್ಕಿನ ಕಲೆಗೂ ಅದು ಮದ್ದು. ರಸವನ್ನು ಕಲೆಯ ಮೇಲೆ ಹಚ್ಚಿ, ಅರ್ಧ ತಾಸು ಬಿಟ್ಟು, ಚೆನ್ನಾಗಿ ಜಾಲಿಸಬೇಕು.

4. ತೆಂಗಿನೆಣ್ಣೆಯ ಸಾಬೂನು

ಮೈಸೂರಿನ ಅರಸರ ಆಳಿಕೆಯಲ್ಲಿ ಬೆಂಗಳೂರಿನಲ್ಲಿ ಸರಕಾರದ ಸಾಬೂನು ಕಾರ್ಖಾನೆಯು ಆರಂಭವಾಯಿತು. ಆದರೆ ಸಾಬೂನಿನ ಮೂಲ ತತ್ವವು ದೊಡ್ಡ ಯಂತ್ರಗಳನ್ನು ಬೇಡುವದಿಲ್ಲ. ಎಣ್ಣೆಯೂ ಬಲವಾದ ಕ್ಷಾರವೂ ಸೇರಿದಾಗ ಎರಡೂ ತಮ್ಮ ಸ್ವರೂಪವನ್ನು ಬಿಟ್ಟು ಸಾಬೂನೂ ಗ್ಲಿಸರಿನೂ ಆಗುವವು. ಸಾಬೂನಿನ ಕಣಕ್ಕೆ ಎರಡು ತುದಿಗಳುಂಟು. ಒಂದು ಜಿಡ್ಡನ್ನು ಹಿಡಿಯುವದು, ಇನ್ನೊಂದು ನೀರನ್ನು ಹಿಡಿಯುವದು. ಹೀಗೆ ನೀರಿನೊಂದಿಗೆ ಸೇರದ ಜಿಡ್ಡು ನೀರಿನೊಂದಿಗೆ ಹೊರಟುಹೋಗುವದು.

ಬೇಕಾದವುಗಳು: ತೆಂಗಿನೆಣ್ಣೆ 1 ಕಿಲೋಗ್ರಾಮ್, ಕಾಸ್ಟಿಕ್ ಸೋಡಾ 170 ಗ್ರಾಮ್, ನೀರು 350 ಗ್ರಾಮ್. ಎಲ್ಲವನ್ನೂ ತೂಕಮಾಡಬೇಕು, ಸೇರಿನಿಂದಲೂ ಲೋಟದಿಂದಲೂ ಅಳೆಯಬಾರದು. ಒಂದು ಕಿಲೋ ತೆಂಗಿನೆಣ್ಣೆಯು ಸುಮಾರು 183 ಗ್ರಾಮ್ ಸೋಡಾವನ್ನು ತಕ್ಕೊಳ್ಳಬಲ್ಲದು. ನಾವು ಕಡಿಮೆ ಹಾಕುವದು ಕ್ಷಾರವು ಉಳಿದು ಕೈಯನ್ನು ಸುಡಬಾರದೆಂಬದಕ್ಕಾಗಿ.

ಕ್ರಮ: ಗಾಳಿಯಾಡುವ ಸ್ಥಳದಲ್ಲಿ, ಕೈಗೆ ರಬ್ಬರ್ ಚೀಲವನ್ನೂ ಕಣ್ಣಿಗೆ ಕನ್ನಡಕವನ್ನೂ ಹಾಕಿಕೊಳ್ಳಿರಿ. ಉಕ್ಕಿನ ಪಾತ್ರೆಯಲ್ಲಿ ಮೊದಲು ನೀರು ಇಟ್ಟು, ಅದಕ್ಕೆ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಕಲಕಿರಿ. ಸೋಡಾದ ಮೇಲೆ ನೀರನ್ನು ಎಂದಿಗೂ ಹೊಯ್ಯಬಾರದು, ಅದು ಸಿಡಿಯುವದು. ಅಲ್ಯೂಮಿನಿಯಮ್ ಪಾತ್ರೆಯು ಸರ್ವಥಾ ಕೂಡದು. ನೀರು ತಾನಾಗಿಯೇ ಬಹಳ ಬಿಸಿಯಾಗುವದು; ಉಗುರು ಬೆಚ್ಚಗಾಗುವ ತನಕ ಮುಟ್ಟದೆ ಬಿಡಿರಿ. ಆ ಮೇಲೆ ಅದನ್ನು ಬೆಚ್ಚಗಿನ ಎಣ್ಣೆಗೆ ನೂಲಿನಂತೆ ಹೊಯ್ಯುತ್ತಾ ಮರದ ಸೌಟಿನಿಂದ ಕಲಕಿದರೆ ದೋಸೆಯ ಹಿಟ್ಟಿನಂತೆ ದಪ್ಪವಾಗುವದು. ಕಾಗದ ಹಾಸಿದ ಮರದ ಪೆಟ್ಟಿಗೆಯಲ್ಲಿ ಹೊಯ್ದು, ಗಟ್ಟಿಯಾದ ಕೂಡಲೇ ಕೈಚೀಲ ಹಾಕಿಕೊಂಡೇ ತುಂಡುಮಾಡಿರಿ. ತಡಮಾಡಿದರೆ ತೆಂಗಿನ ಸಾಬೂನು ಒಡೆದುಹೋಗುವದು. ತುಂಡುಗಳನ್ನು ನೆರಳಿನಲ್ಲಿ ನಾಲ್ಕರಿಂದ ಆರು ವಾರ ಒಣಗಿಸಿದ ಮೇಲೆ ಬಟ್ಟೆಗೂ ಪಾತ್ರೆಗೂ ಉಪಯೋಗಿಸಬಹುದು. ತೆಂಗಿನೆಣ್ಣೆಯ ಸಾಬೂನು ಉಪ್ಪುನೀರಿನಲ್ಲಿಯೂ ನೊರೆ ಕೊಡುವದು ಅದರ ವಿಶೇಷ ಗುಣ.

ಈ ಸಾಬೂನನ್ನು ಒಂಟಿಯಾಗಿ ಮಾಡುವದಕ್ಕಿಂತ ಸ್ತ್ರೀಯರ ಕೂಟದಲ್ಲಿ, ಚಿಕ್ಕ ಮಕ್ಕಳಿಲ್ಲದ ವೇಳೆಯಲ್ಲಿ, ಕೆಲಸ ಬಲ್ಲ ಒಬ್ಬರ ಮೇಲ್ವಿಚಾರದಲ್ಲಿ ಮಾಡುವದು ಉತ್ತಮ. ಉಳಿದ ಸೋಡಾವನ್ನು ಕುಡಿಯುವ ನೀರಿನ ಬಾಟ್ಲಿಯಲ್ಲಿ ಎಂದಿಗೂ ಇಡಬೇಡಿರಿ. ಮಗುವು ಅದನ್ನು ಒಂದು ಗುಟುಕು ನುಂಗಿದರೂ ಗಂಟಲು ಬೆಂದುಹೋಗುವದು. ಹಾಗಾದರೆ ವಾಂತಿ ಮಾಡಿಸಬಾರದು, ಹುಳಿಯನ್ನು ಕುಡಿಸಬಾರದು. ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಚರ್ಮಕ್ಕಾಗಲಿ ಕಣ್ಣಿಗಾಗಲಿ ಸಿಡಿದರೆ ಹರಿಯುವ ನೀರಿನಿಂದ ಇಪ್ಪತ್ತು ನಿಮಿಷ ತೊಳೆದು ವೈದ್ಯರಿಗೆ ತೋರಿಸಬೇಕು.

5. ಹಿಡಿಸೂಡಿ, ನಾರು, ಹಾಳೆ

ತೆಂಗಿನ ಗರಿಯ ಕಡ್ಡಿಗಳನ್ನು ಚಾಕುವಿನಿಂದ ಹೆರೆದು, ಒಣಗಿಸಿ, ಬುಡವನ್ನು ಬಿಗಿಯಾಗಿ ಕಟ್ಟಿದರೆ ಅಂಗಳದ ಹಿಡಿಸೂಡಿಯಾಯಿತು. ಸಿಪ್ಪೆಯ ನಾರನ್ನು ಸುತ್ತಿ ಪಾತ್ರೆ ತಿಕ್ಕುವದಕ್ಕೆ ಇಡಬಹುದು. ತುಪ್ಪದ ಹೀರೆಯನ್ನು ಬಳ್ಳಿಯಲ್ಲಿಯೇ ಒಣಗಲು ಬಿಟ್ಟು, ನೀರಿನಲ್ಲಿ ನೆನಸಿ, ಸಿಪ್ಪೆ ಬೀಜ ತೆಗೆದರೆ ಮೈ ತಿಕ್ಕುವ ಜಾಲರಿ ಸಿಕ್ಕುವದು. ಬೆಳ್ತಂಗಡಿಯ ಕಡೆಯ ಅಡಿಕೆಯ ತೋಟಗಳಲ್ಲಿ ಬೀಳುವ ಹಾಳೆಯಿಂದ ತುಳುನಾಡಿನ ರೈತರು ಮುಟ್ಟಾಳೆಯನ್ನು ಹೊಲಿದು ತಲೆಗೆ ಇಡುತ್ತಾರೆ; ಅದೇ ಹಾಳೆಯನ್ನು ನೆನಸಿ ಮಡಚಿ ಎರಡು ಬದಿ ಹೊಲಿದರೆ ಕಸ ತೆಗೆಯುವ ಮೊರವಾಗುವದು. ನಾರನ್ನೂ ಜಾಲರಿಯನ್ನೂ ದಿನಾಲು ಬಿಸಿಲಿಗೆ ಹಾಕಿರಿ. ಒದ್ದೆಯಾಗಿಯೇ ಇದ್ದರೆ ಅವುಗಳಲ್ಲಿ ರೋಗಾಣುಗಳು ಬೆಳೆಯುವವು.

6. ನೆರೆಯ ತರುವಾಯ

1923ರಲ್ಲಿಯೂ 1974ರಲ್ಲಿಯೂ ನೇತ್ರಾವತಿಯು ಉಕ್ಕಿ ಬಂಟವಾಳದ ಪೇಟೆಯನ್ನು ಮುಳುಗಿಸಿತು. 2019ರ ಆಗಸ್ಟಿನಲ್ಲಿ ಬೆಳ್ತಂಗಡಿಯ ಘಟ್ಟದ ಬುಡದ ಊರುಗಳು ನೆರೆಯಿಂದಲೂ ಗುಡ್ಡದ ಕುಸಿತದಿಂದಲೂ ಬಹಳ ಕಷ್ಟಪಟ್ಟವು. ಇಂಥಾ ವೇಳೆಯಲ್ಲಿ ಬೂದಿಯೂ ಬಿಂಬುಳಿಯೂ ಸಾಲವು. ಅವು ಕೊಳೆಯನ್ನು ತೆಗೆಯುವವೇ ಹೊರತು ಬಾವಿಯ ನೀರಿನ ರೋಗಾಣುಗಳನ್ನು ಕೊಲ್ಲಲಾರವು. ಇಲ್ಲಿ ಬ್ಲೀಚಿಂಗ್ ಪೌಡರ್ ಬೇಕು.

ದುಂಡು ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 785ರಿಂದ ಗುಣಿಸಿದರೆ ನೀರು ಎಷ್ಟು ಲೀಟರ್ ಎಂದು ತಿಳಿಯುವದು. ಅಗಲ 2 ಮೀಟರ್, ನೀರು 3 ಮೀಟರ್ ಆದರೆ 9,420 ಲೀಟರ್. ಸಾಧಾರಣ ಕಾಲದಲ್ಲಿ 1,000 ಲೀಟರಿಗೆ ಸುಮಾರು 2.5 ಗ್ರಾಮ್ ಒಳ್ಳೇ ಪೌಡರ್ ಸಾಕು. ಈ ಬಾವಿಗೆ 24 ಗ್ರಾಮ್. ಅದನ್ನು ಬಕೆಟಿನಲ್ಲಿ ಕದಡಿ, ಹತ್ತು ನಿಮಿಷ ಬಿಟ್ಟು, ತಿಳಿನೀರನ್ನು ಮಾತ್ರ ಬಾವಿಗೆ ಇಳಿಸಿ ಕಲಕಿ, ಒಂದು ತಾಸಾದರೂ ಕಾಯಬೇಕು. ನೆರೆಯ ನೀರು ನುಗ್ಗಿದ ಬಾವಿಗೆ ಇದಕ್ಕಿಂತ ಹೆಚ್ಚು ಬೇಕಾಗುವದರಿಂದ ಆರೋಗ್ಯ ಇಲಾಖೆಯವರನ್ನು ಕೇಳಿ ನಡೆಯತಕ್ಕದ್ದು. ಅದುವರೆಗೆ ನೀರನ್ನು ಕುದಿಸಿಯೇ ಕುಡಿಯಿರಿ. ಬ್ಲೀಚಿಂಗ್ ಪೌಡರಿಗೆ ಹುಳಿಯನ್ನಾಗಲಿ ಪಾಯಿಖಾನೆಯ ಆಸಿಡನ್ನಾಗಲಿ ಎಂದಿಗೂ ಬೆರಸಬಾರದು. ಹಾಗೆ ಮಾಡಿದರೆ ಕ್ಲೋರಿನ್ ಎಂಬ ವಿಷಗಾಳಿ ಹೊರಟು ಎದೆಯನ್ನು ಸುಡುವದು.

ಪಾಠದ ತಾತ್ಪರ್ಯ

ನಮ್ಮ ದೇಶದಲ್ಲಿ ಶುಚಿಯ ಮಾತು ಬಹುಕಾಲ ಮನುಷ್ಯರನ್ನು ದೂರ ನಿಲ್ಲಿಸುವದಕ್ಕೆ ಆಯುಧವಾಗಿತ್ತು. ನಮ್ಮ ಹಿರಿಯರಲ್ಲಿ ಅನೇಕರು ಸ್ನಾನಮಾಡಿ ಬಿಳೀ ಬಟ್ಟೆ ಉಟ್ಟರೂ ಅಶುದ್ಧರೆಂದು ಹೊರಗಿಡಲ್ಪಟ್ಟರು. ಯಾವ ಮನುಷ್ಯನನ್ನೂ ಹೊಲೆಯಾದವನೆಂದು ಎಣಿಸಬಾರದೆಂಬದನ್ನು ಪೇತ್ರನು ಕೊರ್ನೇಲ್ಯನ ಮನೆಯಲ್ಲಿ ಹೇಳಿದನು. ಅಪೊಸ್ತಲರ ಕೃತ್ಯಗಳ 10ನೆಯ ಅಧ್ಯಾಯವನ್ನು ಓದಿರಿ. ಆದದರಿಂದ ನಮ್ಮ ಮನೆಯ ಹಿತ್ತಾಳೆಯು ಹೊಳೆಯುವಾಗ, ನೆರೆಮನೆಯ ಹೊಗೆ ಹಿಡಿದ ಗೋಡೆಯನ್ನು ನೋಡಿ ಮೂಗು ಮುರಿಯುವವರಾದರೆ, ನಾವು ಸಾಬೂನನ್ನು ಕಲಿತು ಸುವಾರ್ತೆಯನ್ನು ಮರೆತವರಾದೆವು. ರೋಗದಿಂದ ಮಲಗಿದವಳ ಬಟ್ಟೆಯನ್ನು ಒಗೆದು ಕೊಡುವದು, ನೆರೆ ಬಂದ ಮನೆಯ ಕೆಸರನ್ನು ಜಾತಿ ಮತ ನೋಡದೆ ತೆಗೆಯುವದು, ಮಾಡಿದ ಹತ್ತು ತುಂಡು ಸಾಬೂನಿನಲ್ಲಿ ಒಂದನ್ನು ಇಲ್ಲದವರಿಗೆ ಇಡುವದು, ಇವೇ ಈ ಪಾಠದ ಫಲ. ಶಿಷ್ಯರ ಕಾಲುಗಳನ್ನು ತೊಳೆದ ಕರ್ತನಿಗೆ ನೀರೂ ಬಟ್ಟೆಯೂ ಸಾಕಾಗಿದ್ದವು.

ಕೂಟದಲ್ಲಿ ಆಲೋಚಿಸತಕ್ಕ ಪ್ರಶ್ನೆಗಳು

1. ಜಿಡ್ಡಿಗೆ ಯಾವದು, ಲೋಹದ ಕಪ್ಪಿಗೆ ಯಾವದು ತಕ್ಕದ್ದು? ಎರಡನ್ನು ಯಾಕೆ ಬೆರಸಬಾರದು?
2. ಸೋಡಾದ ಮೇಲೆ ನೀರು ಹೊಯ್ಯಬಾರದು ಯಾಕೆ? ನಮ್ಮ ಮನೆಯಲ್ಲಿ ಅಪಾಯದ ವಸ್ತುಗಳು ಮಕ್ಕಳ ಕೈಗೆ ಎಟಕುವಂತೆ ಇವೆಯೋ?
3. ನಮ್ಮ ಬಾವಿಯಲ್ಲಿ ಎಷ್ಟು ಲೀಟರ್ ನೀರುಂಟು? ಲೆಕ್ಕಮಾಡಿ ಹೇಳಿರಿ.
4. ಈ ತಿಂಗಳು ಅಂಗಡಿಯಿಂದ ಏನೇನನ್ನು ಕೊಳ್ಳದೆ ಇರಬಹುದು? ಉಳಿದ ಹಣವು ಯಾವದಕ್ಕೆ ಹೋಗಬೇಕು?
5. ನಮ್ಮ ಊರಿನಲ್ಲಿ ಶುಚಿಮಾಡುವದಕ್ಕೆ ಕೈಲಾಗದವರು ಯಾರು? ಅವರ ಮನೆಗೆ ಈ ವಾರ ಯಾರು ಹೋಗುವರು?