ಕೇಳುವ ಮುನ್ನ ಲೆಕ್ಕ ಕೊಡಿ: ಕೊಡಗಿನ ಸೇವಾ ಸಂಸ್ಥೆಗಳಿಗೆ ಆನ್‌ಲೈನ್ ಪ್ರಚಾರದ ದಾರಿ

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮದೆನಾಡು, ಜೋಡುಪಾಲದ ಕಡೆ ಗುಡ್ಡ ಜರಿದಾಗ ನೆರವಿನ ಕರೆ ಮೊಬೈಲ್‌ನಿಂದ ಮೊಬೈಲ್‌ಗೆ ಹರಡಿತು. ಅಕ್ಕಿ, ಕಂಬಳಿ, ಬಟ್ಟೆ ಹೊತ್ತ ವಾಹನಗಳು ಕೊಡಗಿಗೆ ಬಂದವು. ಆಪತ್ತಿಗೆ ಜನ ಕೈ ನೀಡುತ್ತಾರೆ. ಆದರೆ ವಿಶೇಷ ಮಕ್ಕಳ ಫಿಸಿಯೋಥೆರಪಿಗೆ, ವೃದ್ಧಾಶ್ರಮದ ದಿನಸಿಗೆ, ಹಾಡಿಯ ಮಕ್ಕಳ ಸಂಜೆ ಪಾಠಕ್ಕೆ ತಿಂಗಳು ತಿಂಗಳೂ ಹಣ ಬೇಕು. ಅದು ಒದಗುವುದು ವರ್ಷವಿಡೀ ಸಂಪರ್ಕದಲ್ಲಿದ್ದು, ಬಂದ ಹಣದ ಲೆಕ್ಕ ಹೇಳುವ ಸಂಸ್ಥೆಗೆ. ಒಬ್ಬಿಬ್ಬರು ಸ್ವಯಂಸೇವಕರು, ಒಂದು ಸ್ಮಾರ್ಟ್‌ಫೋನ್ ಇದ್ದರೆ ಕೆಲಸ ಶುರು ಮಾಡಬಹುದು.

1. ಮೊದಲು ಕಾಗದಪತ್ರ

ನೋಂದಣಿ, ಆದಾಯ ತೆರಿಗೆಯ 12ಎ ಮತ್ತು 80ಜಿ, ನೀತಿ ಆಯೋಗದ ದರ್ಪಣ್ ಪೋರ್ಟಲ್‌ನ ಸಂಖ್ಯೆ ಸಿದ್ಧವಿರಲಿ. ಕ್ಯೂಆರ್ ಕೋಡ್ ಟ್ರಸ್ಟ್‌ನ ಖಾತೆಯದ್ದೇ ಆಗಿರಬೇಕು, ಕಾರ್ಯದರ್ಶಿಯ ಸ್ವಂತ ಖಾತೆಯದ್ದಲ್ಲ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ತೆರಿಗೆ ವಿನಾಯಿತಿ ಇಲ್ಲ. ಹಳೆಯ ತೆರಿಗೆ ಪದ್ಧತಿ ಆಯ್ದುಕೊಂಡವರಿಗಷ್ಟೇ ವಿನಾಯಿತಿಯ ಲಾಭ. ಇದನ್ನು ದಾನಿಗಳಿಗೆ ಮೊದಲೇ ತಿಳಿಸಿ. ಹೊಸ ಆದಾಯ ತೆರಿಗೆ ಕಾಯ್ದೆ ಅನ್ವಯವಾಗುವುದು 2026ರ ಏಪ್ರಿಲ್ 1ರಿಂದ. ಅದರಲ್ಲಿ ಸೆಕ್ಷನ್ ಸಂಖ್ಯೆಗಳು ಬೇರೆ, ಹಾಗಾಗಿ ರಸೀದಿ ಮುದ್ರಿಸುವ ಮುನ್ನ ಆಡಿಟರ್‌ಗೆ ತೋರಿಸಿ.

2. ಹೊರದೇಶದ ಹಣಕ್ಕೆ ಎಚ್ಚರ

ಕೊಡಗಿನ ಎಷ್ಟೋ ಮನೆಗಳವರು ಹೊರದೇಶದಲ್ಲಿದ್ದಾರೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ, ಒಸಿಐ ಕಾರ್ಡ್ ಇದ್ದರೂ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿ ಬೇಕೇ ಬೇಕು. ಆ ಹಣ ಮೊದಲು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಅನುಮತಿ ಇಲ್ಲದಿದ್ದರೆ ಅದನ್ನು ವೆಬ್‌ಸೈಟ್‌ನಲ್ಲೇ ಬರೆದುಬಿಡಿ.

3. ಒಂದು ಪುಟ, ಒಂದು ವಿಳಾಸ

ಏನು ಮಾಡುತ್ತೀರಿ, ಯಾರು ನಡೆಸುತ್ತಾರೆ, ಹೋದ ವರ್ಷದ ಜಮಾಖರ್ಚು, ಹಣ ಕಳಿಸುವ ಬಗೆ: ವೆಬ್‌ಸೈಟ್‌ನಲ್ಲಿ ಇಷ್ಟಿದ್ದರೆ ಸಾಕು. ಗೂಗಲ್ ಮ್ಯಾಪ್‌ನಲ್ಲಿ ಸಂಸ್ಥೆಯ ಜಾಗ ಗುರುತಿಸಿ, ಫೋನ್ ನಂಬರ್ ಸೇರಿಸಿ, ಇದಕ್ಕೆ ಖರ್ಚಿಲ್ಲ.

4. ವಾಟ್ಸ್‌ಆ್ಯಪ್ ಬಳಕೆ

ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಮಂದಿಯನ್ನು ಸೇರಿಸಬಹುದು. ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಮುಟ್ಟುತ್ತದೆ. ಆದ್ದರಿಂದ ರಸೀದಿ ಕೊಡುವಾಗಲೇ ‘ನಂಬರ್ ಸೇವ್ ಮಾಡಿಕೊಳ್ಳಿ’ ಎನ್ನಿ. ಹೆಚ್ಚು ಜನರಿದ್ದರೆ ಚಾನೆಲ್ ತೆರೆಯಿರಿ. ಅಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ‘ಶಕ್ತಿ’ಯಂಥ ಸ್ಥಳೀಯ ಪತ್ರಿಕೆಯಲ್ಲಿ ನಿಮ್ಮ ಸುದ್ದಿ ಬಂದಿದ್ದರೆ ಆ ತುಣುಕನ್ನೂ ಹಾಕಿ. ಊರಿನವರಿಗೆ ಅದರ ಮೇಲೆ ನಂಬಿಕೆ ಹೆಚ್ಚು.

5. ಏನು ಬರೆಯಬೇಕು?

‘ದಯವಿಟ್ಟು ಉದಾರವಾಗಿ ಸಹಕರಿಸಿ’ ಎಂದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ‘ಒಂದು ಮಗುವಿನ ತಿಂಗಳ ವ್ಯಾನ್ ಬಾಡಿಗೆ ಇಷ್ಟು, ಎಂಟು ಮಕ್ಕಳಿಗೆ ಸಿಕ್ಕಿದೆ, ನಾಲ್ವರಿಗೆ ಬೇಕು’ ಎಂದು ಬರೆಯಿರಿ. ಮೂರು ಸಲ ಕೆಲಸದ ಸುದ್ದಿ, ಆಮೇಲೆ ಒಂದು ಸಲ ಬೇಡಿಕೆ. ಬರಹ ಕನ್ನಡದಲ್ಲಿರಲಿ, ವಿಡಿಯೊದಲ್ಲಿ ಮಾತಾಡುವವರು ಕೊಡವ ತಕ್ಕ್, ಅರೆಭಾಷೆ, ಮಲಯಾಳ ಯಾವುದರಲ್ಲಾದರೂ ಮಾತಾಡಲಿ, ಕೆಳಗೆ ಕನ್ನಡದ ಸಾಲು ಹಾಕಿ. ತುರ್ತು ಮನವಿಯಾದರೆ ದಿನಾಂಕ, ಗಂಟೆ, ‘ಇಂಥ ದಿನದವರೆಗೆ ಮಾತ್ರ’ ಎಂಬ ಮಾತು ಇರಲೇಬೇಕು. ದಿನಾಂಕವಿಲ್ಲದ ಸಂದೇಶ ಅಗತ್ಯ ಮುಗಿದ ಮೇಲೂ ಸುತ್ತುತ್ತಲೇ ಇರುತ್ತದೆ.

6. ಊರಿನ ಕಾಲ ನೋಡಿ

ಜೂನ್‌ನಿಂದ ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವಂತಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪೋಸ್ಟ್‌ಗಳನ್ನು ಮೇ ತಿಂಗಳಲ್ಲೇ ಸಿದ್ಧಮಾಡಿಟ್ಟುಕೊಂಡು, ಮೆಟಾ ಬಿಸಿನೆಸ್ ಸೂಟ್‌ನಲ್ಲಿ ಮುಂಗಡ ದಿನಾಂಕ ಹಾಕಿಡಿ. ಪುತ್ತರಿ ಹಬ್ಬಕ್ಕೆ ಹೊರಗಿದ್ದವರು ಮನೆಗೆ ಬರುತ್ತಾರೆ. ಸಂಸ್ಥೆ ನೋಡಲು ಕರೆಯಿರಿ. ಹಣದ ಮನವಿಗೆ ಫೆಬ್ರವರಿ, ಮಾರ್ಚ್ ಒಳ್ಳೆಯದು: ಕಾಫಿ ಕೊಯ್ಲು ಮುಗಿಯುತ್ತಾ ಬಂದಿರುತ್ತದೆ, ತೆರಿಗೆ ಲೆಕ್ಕದ ವರ್ಷವೂ ಮುಗಿಯುತ್ತದೆ.

7. ಚಿತ್ರಕ್ಕೆ ಒಪ್ಪಿಗೆ

ಪಾಲನೆ, ರಕ್ಷಣೆಯ ಅಗತ್ಯವಿರುವ ಮಕ್ಕಳ ಗುರುತು ಬಹಿರಂಗಪಡಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ನಿಷೇಧಿಸುತ್ತದೆ. ಉಳಿದವರ ಚಿತ್ರ ಹಾಕಲು ಅವರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಕಣ್ಣೀರಿನ ಮುಖ ಬೇಡ. ಕೆಲಸ ಮಾಡುವ ಕೈಗಳನ್ನು ತೋರಿಸಿ.

8. ಉಚಿತ ಜಾಹೀರಾತು

ಗೂಗಲ್ ಆ್ಯಡ್ ಗ್ರ್ಯಾಂಟ್ಸ್ ಅರ್ಹ ಸಂಸ್ಥೆಗಳಿಗೆ ತಿಂಗಳಿಗೆ 10,000 ಡಾಲರ್‌ವರೆಗಿನ ಸರ್ಚ್ ಜಾಹೀರಾತನ್ನು ಪುಕ್ಕಟೆ ಕೊಡುತ್ತದೆ. ಶಾಲೆ, ಆಸ್ಪತ್ರೆ, ಸರ್ಕಾರಿ ಸಂಸ್ಥೆಗಳಿಗೆ ಸಿಗದು. ಜಾಹೀರಾತು ಕಂಡವರಲ್ಲಿ ಕನಿಷ್ಠ ಶೇ 5ರಷ್ಟು ಮಂದಿ ಕ್ಲಿಕ್ ಮಾಡಬೇಕೆಂಬ ನಿಯಮವಿದೆ. ಆದ್ದರಿಂದ ವೆಬ್‌ಸೈಟ್ ಸರಿಹೋದ ಮೇಲೆಯೇ ಅರ್ಜಿ ಹಾಕಿ. ಪೋಸ್ಟರ್ ವಿನ್ಯಾಸಕ್ಕೆ ಕ್ಯಾನ್ವಾ ಕೂಡ ಲಾಭರಹಿತ ಸಂಸ್ಥೆಗಳಿಗೆ ಉಚಿತ.

9. ಏನನ್ನು ಎಣಿಸಬೇಕು?

ಲೈಕ್‌ಗಳ ಲೆಕ್ಕ ಬಿಡಿ. ಹೊಸಬರು ಎಷ್ಟು ಮಂದಿ ಕೊಟ್ಟರು, ಹಿಂದೆ ಕೊಟ್ಟವರಲ್ಲಿ ಎಷ್ಟು ಮಂದಿ ಮತ್ತೆ ಕೊಟ್ಟರು, ಎಷ್ಟು ಜನಕ್ಕೆ ವಾರದೊಳಗೆ ರಸೀದಿ ಹೋಯಿತು: ಈ ಮೂರನ್ನು ಪ್ರತಿ ತಿಂಗಳು ಪುಸ್ತಕದಲ್ಲಿ ಬರೆದಿಡಿ. ಎರಡನೆಯ ಅಂಕಿ ಇಳಿದರೆ ಜಾಹೀರಾತು ಹೆಚ್ಚಿಸಲು ಹೋಗಬೇಡಿ. ಕಳೆದ ಸಲದ ಹಣ ಎಲ್ಲಿ ಖರ್ಚಾಯಿತೆಂದು ದಾನಿಗಳಿಗೆ ಹೇಳಿದ್ದೀರಾ, ಅದನ್ನು ನೋಡಿ.