ಬಾಡಿಗೆ ಮನೆಯ ಬೀಗ: ಒಂದು ಲೆಕ್ಕ

ಅರಸೀಕೆರೆ ತಾಲ್ಲೂಕಿನ ಗಂಡಸಿಯಲ್ಲಿ ಒಬ್ಬರು ಮನೆಯೊಂದನ್ನು ಬಾಡಿಗೆಗೆ ಹಿಡಿದರೆಂದು ಭಾವಿಸೋಣ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಬೇಕಾದ ತೆಂಗಿನಕಾಯಿಯ ರಾಶಿ. ಅದು ಉಂಡೆ ಕೊಬ್ಬರಿಯಾದ ಮೇಲೆಯೇ ಕೈಗೆ ಹಣ. ವರ್ಷದ ದುಡಿಮೆಯೆಲ್ಲ ಒಂದು ಬಾಗಿಲಿನ ಹಿಂದಿದೆ. ಬೀಗವನ್ನು ಕೊಂಡಾಗ ಅದರೊಡನೆ ಮೂರು ಬೀಗದ ಕೈಗಳು ಬಂದಿದ್ದುವು. ಮಾಲೀಕರು ಇವರಿಗೆ ಇತ್ತದ್ದು ಎರಡು. ಮೂರನೆಯದು ಎಲ್ಲಿ? ಇಂತಹ ಬೀಗವನ್ನು ನಂಬಬಹುದೆ? ಉತ್ತರ ಹೇಳುವ ಮೊದಲು ಬೀಗದ ಒಳಗನ್ನು ನೋಡಬೇಕು.

ಇಂದು ಬಾಗಿಲುಗಳಲ್ಲಿ ಕಾಣುವ ಸಿಲಿಂಡರು ಬೀಗವು ಅಮೆರಿಕದ ಕಿರಿಯ ಲೈನಸ್ ಯೇಲನು 1861 ಮತ್ತು 1865ರಲ್ಲಿ ಪೇಟೆಂಟು ಪಡೆದ ರಚನೆಯಿಂದ ಬಂದುದು. ಸ್ಥಿರವಾದ ಹೊರಕವಚ, ಅದರೊಳಗೆ ತಿರುಗುವ ಉರುಳೆ. ಎರಡನ್ನೂ ಹಾಯ್ದು ಸಾಲಾಗಿ ಐದು ಸಣ್ಣ ಕುಳಿಗಳು. ಪ್ರತಿ ಕುಳಿಯಲ್ಲಿಯೂ ಒಂದರ ಮೇಲೊಂದು ಎರಡು ಮೊಳೆಗಳು. ಅವನ್ನು ಕೆಳಕ್ಕೆ ಒತ್ತುವ ಒಂದು ಸ್ಪ್ರಿಂಗು. ಯಾವುದೇ ಮೊಳೆ ಕವಚಕ್ಕೂ ಉರುಳೆಗೂ ಅಡ್ಡಲಾಗಿ ನಿಂತಿರುವವರೆಗೆ ಉರುಳೆ ತಿರುಗದು. ಸರಿಯಾದ ಕೈಯನ್ನು ತೂರಿಸಿದಾಗ ಅದರ ಹಲ್ಲುಗಳು ಮೊಳೆಗಳನ್ನು ಬೇಕಾದಷ್ಟೇ ಎತ್ತಿ, ಮೊಳೆಗಳ ಸಂಧಿಯನ್ನು ಉರುಳೆಯ ಅಂಚಿಗೆ ಸಮನಾಗಿಸುತ್ತವೆ. ಐದೂ ಸಂಧಿಗಳು ಒಂದೇ ರೇಖೆಗೆ ಬಂದರೆ ಮಾತ್ರ ಬೀಗ ತೆರೆಯುತ್ತದೆ. ಒಂದು ಮೊಳೆ ಹೆಚ್ಚು ಎದ್ದರೂ ತಪ್ಪು, ಕಡಮೆ ಎದ್ದರೂ ತಪ್ಪು.

ಪ್ರತಿ ಸ್ಥಾನಕ್ಕೂ ಆರು ಎತ್ತರಗಳು ಸಾಧ್ಯವೆಂದು ಇಟ್ಟುಕೊಳ್ಳಿ. ಆಗ ಒಟ್ಟು ಬಗೆಗಳು 6×6×6×6×6, ಅಂದರೆ 7,776. ಕಾರ್ಖಾನೆಗಳು ಕೆಲವನ್ನು ಕೈಬಿಡುವುದರಿಂದ ಬಳಕೆಯ ಸಂಖ್ಯೆ ಇದಕ್ಕಿಂತ ಕಡಮೆ. ಆದರೂ ಅಪರಿಚಿತನೊಬ್ಬನ ಕೈ ನಮ್ಮ ಬೀಗಕ್ಕೆ ಒಗ್ಗುವುದು ಅಪರೂಪವೇ ಸರಿ.

ಸಾಲು ಮನೆಗಳ ಮಾಲೀಕರು ಕೆಲವೊಮ್ಮೆ ಎಲ್ಲ ಬಾಗಿಲಿಗೂ ಒಪ್ಪುವ ಒಂದು ಮಾಸ್ಟರ್ ಕೀ ಬಯಸುವುದುಂಟು. ಇದಕ್ಕಾಗಿ ಎರಡು ಮೊಳೆಗಳ ನಡುವೆ ತೆಳುವಾದ ಬಿಲ್ಲೆಯೊಂದನ್ನು ಇಡುತ್ತಾರೆ; ಕುಳಿಯಲ್ಲಿ ಈಗ ಸಂಧಿಗಳು ಎರಡು. ಐದು ಕುಳಿಗಳಲ್ಲಿಯೂ ಹೀಗೆ ಮಾಡಿದರೆ ಬೀಗವನ್ನು ತೆರೆಯಬಲ್ಲ ಕೈಗಳು 2×2×2×2×2, ಎಂದರೆ 32! ಭದ್ರತೆಯು 7,776ರಲ್ಲಿ ಒಂದರಿಂದ 243ರಲ್ಲಿ ಒಂದಕ್ಕೆ ಇಳಿಯಿತು. ಇಷ್ಟೇ ಅಲ್ಲ. ಒಂದು ಕೋಣೆಯ ಕೈ ಮತ್ತು ಬೀಗ ಇದ್ದವನು ಕೆಲವೇ ಪ್ರಯತ್ನಗಳಲ್ಲಿ ಮಾಸ್ಟರ್ ಕೀಯ ಅಳತೆಗಳನ್ನು ಕಂಡುಕೊಳ್ಳಬಹುದೆಂದು ಅಮೆರಿಕದ ಮ್ಯಾಟ್ ಬ್ಲೇಜ್ 2003ರಲ್ಲಿ ತೋರಿಸಿದರು. ಸ್ಥಾನಗಳನ್ನು ಒಂದೊಂದಾಗಿ ಪರೀಕ್ಷಿಸಬಹುದಾದ್ದರಿಂದ ಗುಣಾಕಾರವು ಸಂಕಲನವಾಗಿಬಿಡುತ್ತದೆ: ಐದು ಸ್ಥಾನ, ಉಳಿದ ಐದೈದು ಎತ್ತರ, ಹೆಚ್ಚೆಂದರೆ 25 ಪ್ರಯತ್ನ. ಒಬ್ಬ ಬಾಡಿಗೆದಾರನಿಂದ ಸಾಲಿನ ಎಲ್ಲರ ಬಾಗಿಲಿಗೂ ಅಪಾಯ.

ಇನ್ನು ಗಂಡಸಿಯ ಮನೆಗೆ ಹಿಂತಿರುಗೋಣ. 7,776 ಎಂಬ ಸಂಖ್ಯೆ ಅಪರಿಚಿತನನ್ನು ತಡೆಯುತ್ತದೆ. ಮೂರನೆಯ ಕೈ ಉಳ್ಳವನಿಗೆ ಆ ಸಂಖ್ಯೆ 1. ಅದನ್ನು ಹಿಂತಿರುಗಿಸಿದರೂ ಸಂಶಯ ತೀರದು. ಕೈಯ ಗುಟ್ಟೆಲ್ಲ ಐದು ಅಂಕಿಗಳಲ್ಲಿದೆ. ಸ್ಪಷ್ಟವಾದ ಛಾಯಾಚಿತ್ರದಿಂದಲೂ ಅವನ್ನು ಅಳೆಯಬಹುದು. ಆದುದರಿಂದ ಬಾಡಿಗೆದಾರರು ಬದಲಾದಾಗ ಬದಲಾಗಬೇಕಾದುದು ಅಂಕಿಗಳೇ. ಇಡೀ ಬೀಗವನ್ನು ಎಸೆಯಬೇಕಾಗಿಲ್ಲ. ಬೀಗದ ಕೆಲಸ ಬಲ್ಲವರು ಕೆಳಮೊಳೆಗಳನ್ನು ಬೇರೆ ಉದ್ದದವುಗಳಿಂದ ಬದಲಿಸಿ ಹೊಸ ಕೈ ಕತ್ತರಿಸಿಕೊಡಬಲ್ಲರು. ಇಲ್ಲವೆ ಸಿಲಿಂಡರನ್ನಷ್ಟೇ ಬದಲಿಸಬಹುದು. ಮಾಲೀಕರು ಕೈಗಳನ್ನು ಎಣಿಸಿ ಬರೆದಿಡಬೇಕು. ಕೈಯ ಬಿಲ್ಲೆಯ ಮೇಲೆ ಗುರುತಿನ ಸಂಖ್ಯೆ ಇರಲಿ, ಮನೆಯ ವಿಳಾಸ ಬೇಡ.

ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ: ಐದು ಕುಳಿಗಳ ಪೈಕಿ ಎರಡರಲ್ಲಿ ಮಾತ್ರ ಬಿಲ್ಲೆಯನ್ನಿಟ್ಟರೆ ಎಷ್ಟು ಕೈಗಳು ಆ ಬೀಗವನ್ನು ತೆರೆದಾವು?