ಹಲ್ಲಿನಿಂದ ಹಣ್ಣಿನ ಕಡೆಗೆ

ಹಿಮಾಚಲ ಪ್ರದೇಶದ ಹರಿತಲ್ಯಾಂಗರದ ಸುತ್ತಣ ಶಿವಾಲಿಕ ಶಿಲಾಸ್ತರಗಳಲ್ಲಿ ಜೀವಾವಶೇಷಗಳನ್ನು ಅರಸುತ್ತ ಯೌವನವನ್ನು ಕಳೆದ ನನಗೆ ವಾನರಕುಲವೆಂದರೆ ಬಹುಕಾಲ ದಂತಗಳ ಕುಲವೇ ಆಗಿದ್ದಿತು. ದೇಹದಲ್ಲೆಲ್ಲ ಅತ್ಯಂತ ಕಠಿಣವಾದುದು ಹಲ್ಲಿನ ಹೊರಕವಚವಾದುದರಿಂದ, ಉಳಿದುದೆಲ್ಲ ಮಣ್ಣುಗೂಡಿದ ಮೇಲೂ ಅದೊಂದು ಶೋಧಕನ ಕೈಸೇರುವುದು. 1932ರಲ್ಲಿ ಯೇಲ್ ವಿಶ್ವವಿದ್ಯಾಲಯದ ಎಡ್ವರ್ಡ್ ಲೂಯಿಸ್‌ಗೆ ಇದೇ ಪ್ರದೇಶದಲ್ಲಿ ದೊರೆತ ಮೇಲ್ದವಡೆಯ ತುಣುಕೊಂದು ‘ರಾಮಪಿಥೆಕಸ್’ ಎಂಬ ಹೆಸರನ್ನು ಪಡೆದು, 1960ರ ದಶಕದಲ್ಲಿ ಮಾನವನ ಪೂರ್ವಜನ ಪದವಿಗೇರಿದ ಕಥೆಯನ್ನು ನಾವು ಗುರುಮುಖದಿಂದಲೇ ಕೇಳಿದ್ದೆವು. ನಡುಭಾಗವೇ ಇಲ್ಲದ ತುಣುಕುಗಳಿಂದ ದಂತಪಂಕ್ತಿಯನ್ನು ಮನುಷ್ಯನದರಂತೆ ಕಮಾನಾಗಿ ಬರೆದವರು ಅಲ್ಪರಲ್ಲ, ಮಹಾವಿದ್ವಾಂಸರು. ಪಾಕಿಸ್ತಾನದ ಪೋಟ್ವಾರ್ ಪ್ರಸ್ಥಭೂಮಿಯಲ್ಲಿ ಸಿಕ್ಕಿ 1982ರಲ್ಲಿ ವರ್ಣಿತವಾದ ಪ್ರಾಚೀನ ವಾನರ ಶಿವಪಿಥೆಕಸ್‌ನ ಮುಖವು ಒರಾಂಗುಟಾನನ್ನು ಹೋಲುವುದೆಂದು ಕಂಡುಬರಲು, ಆ ಪೂರ್ವಜನು ಶಿವಪಿಥೆಕಸ್‌ನಲ್ಲಿಯೇ ಲೀನನಾದನು. ಇಲ್ಲದ ಭಾಗವನ್ನು ಇಲ್ಲದಂತೆಯೇ ಬಿಡುವ ಸಂಯಮವು ಅಗೆಯುವ ಕೌಶಲಕ್ಕಿಂತಲೂ ದುರ್ಲಭವೆಂಬುದು ನನ್ನ ಮತ.

ಆದರೆ ನನ್ನ ವೃತ್ತಿಯನ್ನೇ ಬೇರೆಡೆಗೆ ತಿರುಗಿಸಿದುದು, ಆ ಜೀವಿಗಳು ಏಕೆ ಅಳಿದುವೆಂಬ ಪ್ರಶ್ನೆ. ಸುಮಾರು 85 ಲಕ್ಷ ವರ್ಷಗಳ ಹಿಂದೆ ಅವು ಶಿವಾಲಿಕದಿಂದ ಮರೆಯಾಗುತ್ತವೆ. ಪ್ರಾಚೀನ ಮಣ್ಣಿನ ಸುಣ್ಣಗಂಟುಗಳಲ್ಲಿ ಉಳಿದ ಇಂಗಾಲವನ್ನು ಪರೀಕ್ಷಿಸಿದರೆ, ಅಲ್ಲಿಂದ ಮುಂದೆ ಕಾಡು ಹಿಂಜರಿದು ಹುಲ್ಲು ಹಬ್ಬಿದುದು ತಿಳಿಯುತ್ತದೆ. ಹಣ್ಣನ್ನು ನಂಬಿ ಬದುಕುವ ಪ್ರಾಣಿ ಅಳಿಯಲು ಕಾಡು ಪೂರ್ತಿ ಅಳಿಯಬೇಕಾಗಿಲ್ಲ. ವರ್ಷದಲ್ಲಿ ಕೆಲವು ತಿಂಗಳು ಹಣ್ಣು ತಪ್ಪಿದರೆ ಸಾಕು.

ಈ ಯೋಚನೆಯನ್ನು ಹೊತ್ತೇ ನಾನು ಸಿರಸಿ–ಹೊನ್ನಾವರದ ಮಳೆಕಾಡಿಗೆ, ಪಶ್ಚಿಮಘಟ್ಟವಲ್ಲದೆ ಬೇರೆಲ್ಲಿಯೂ ಇಲ್ಲದ ಸಿಂಗಳೀಕದ ಬಳಿಗೆ, ಬಂದೆನು. 2011ರಲ್ಲಿ ಅಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಿತವಾಯಿತು. ಸಹೋದ್ಯೋಗಿಗಳು ಮಂಗಗಳನ್ನು ಎಣಿಸುತ್ತಿದ್ದರೆ ನಾನು ಯಾವ ಮರ ಯಾವ ತಿಂಗಳು ಫಲ ಕೊಡುವುದೆಂಬ ಪಟ್ಟಿಯನ್ನು ಬರೆಯುತ್ತ ಕುಳಿತೆನು. ಇದರಿಂದ ನನಗೆ ಒದಗಿದ ಖ್ಯಾತಿ ಹೇಳಿಕೊಳ್ಳುವಂಥದಲ್ಲ. ಅಲ್ಲಿನ ಉಪ್ಪಾಗೆ ಮರದ ಹಣ್ಣು ಮಂಗಕ್ಕೆ ಆಹಾರ, ಊರಿನವರಿಗೆ ಸಿಪ್ಪೆ ಒಣಗಿಸಿ ಮಾರುವ ಜೀವನೋಪಾಯ. ಮಳೆಯಲ್ಲಿ ಒಣಗಿಸಲು ಬೆಂಕಿ ಬೇಕು, ಬೆಂಕಿಗೆ ಕಟ್ಟಿಗೆ ಬೇಕು. ಕಾಯಿಯನ್ನೇ ಏಕೆ ಕೊಯ್ಯುವಿರೆಂದು ಕೇಳಿದರೆ, “ಹಣ್ಣಾಗಲೆಂದು ಕಾದರೆ ಬೇರೆಯವರು ಕೊಯ್ದಿರುತ್ತಾರೆ, ಸಾರ್” ಎಂದರು. ಆ ಉತ್ತರಕ್ಕೆ ನನ್ನ ಭೂವಿಜ್ಞಾನದಲ್ಲಿ ಪ್ರತ್ಯುತ್ತರವಿರಲಿಲ್ಲ. ಯಾವ ಮರ ಯಾರ ಪಾಲಿಗೆ, ಎಂದಿನಿಂದ ಕೊಯ್ಲು ಎಂಬುದನ್ನು ಊರವರೇ ಕೂಡಿ ನಿಶ್ಚಯಿಸಬೇಕಾಗಿದ್ದಿತು, ಅಂಥ ಸಭೆಗಳಲ್ಲಿ ತೆಪ್ಪಗೆ ಕುಳಿತಿರುವುದನ್ನು ನಾನು ತಡವಾಗಿ ಕಲಿತೆನು.

ಎಲುಬಿನ ಆಸೆಯಿಂದ ನನ್ನಲ್ಲಿಗೆ ಬರುವ ವಿದ್ಯಾರ್ಥಿಗಳಿಗೆ ಈಗಲೂ ಮೊದಲು ಆ ಹಣ್ಣಿನ ಪಟ್ಟಿಯನ್ನೇ ಕೊಡುತ್ತೇನೆ; ಹಲವರು ಮರುವಾರ ಬರುವುದಿಲ್ಲ.